ಕೆಂಪು ಸಿಲಿಂಡರ್ ಮತ್ತು ಕಾವಲಿನ ಹೊರೆ

ಅಡುಗೆಮನೆಗೆ ಗ್ಯಾಸ್ ಬಂದ ಕಥೆಯನ್ನು ನಾವು ಅನುಕೂಲದ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಹೊಗೆ ಹೋಯಿತು, ಸೌದೆ ಒಡೆಯುವುದು ತಪ್ಪಿತು, ಮಸಿ ಹಿಡಿದ ಪಾತ್ರೆಗಳಿಗೆ ಬೂದಿ ಹಾಕಿ ಉಜ್ಜುವ ಗೋಳು ನಿಂತಿತು. ನಿಜವೇ. ಆದರೆ ಮನೆಯೊಳಗೆ ಬೆಂಕಿ ಇಟ್ಟುಕೊಂಡ ಮೇಲೆ ಅದಕ್ಕೊಂದು ಕಾವಲು ಬೇಕೇಬೇಕು. ಆ ಕಾವಲಿನ ಕೆಲಸ ಕಳೆದ ಎಪ್ಪತ್ತು ವರ್ಷಗಳಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಕಥೆಯೂ ಅಷ್ಟೇ ದೊಡ್ಡದು. ಅದನ್ನು ಹೇಳಿದವರು ಕಡಿಮೆ. ನನ್ನ ವಾದ ಇಷ್ಟು: ಸಿಲಿಂಡರ್ ನಮ್ಮ ಮನೆಗಳಲ್ಲಿ ತಕ್ಕಮಟ್ಟಿಗೆ ಸುರಕ್ಷಿತವಾಗಿದ್ದರೆ, ಅದರ ಹೆಚ್ಚಿನ ಪುಣ್ಯ ಹೆಂಗಸರಿಗೆ ಹೇಳಿದ ಬುದ್ಧಿಮಾತುಗಳಿಗೆ ಸಲ್ಲುವುದಿಲ್ಲ. ಎಚ್ಚರಿಕೆಯನ್ನು ಉಕ್ಕಿನಲ್ಲಿ, ರಬ್ಬರಿನಲ್ಲಿ, ವಾಸನೆಯಲ್ಲಿ, ತುಂಬಿಸುವ ಘಟಕದ ತಕ್ಕಡಿಯಲ್ಲಿ ಕೂಡಿಸಿಟ್ಟವರಿಗೆ ಅದು ಸಲ್ಲಬೇಕು. ಆ ಕೆಲಸ ಎಲ್ಲೆಲ್ಲಿ ಅರ್ಧಕ್ಕೆ ನಿಂತಿತೋ ಅಲ್ಲಲ್ಲೇ ಇಂದಿಗೂ ಮನೆಗಳು ಸುಡುತ್ತಿವೆ.

ಸೌದೆ ಒಲೆಯ ಕಾಲದಲ್ಲಿ ಕಾವಲು ಪೂರ್ತಿ ಮನುಷ್ಯರದ್ದು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುವುದು, ಒಲೆಯ ಬಾಯಿಯಿಂದ ಸೌದೆ ಹಿಂದಕ್ಕೆಳೆಯುವುದು, ಹುಲ್ಲು ಹೊದೆಸಿದ ಮನೆಯಲ್ಲಿ ಗಾಳಿಯ ದಿಕ್ಕು ನೋಡಿ ಒಲೆಯ ಜಾಗ ಗೊತ್ತುಮಾಡುವುದು, ಎಲ್ಲವೂ ಕೈಯಿಂದ ಕೈಗೆ ಬಂದ ವಿದ್ಯೆ. ಆ ಒಲೆ ಎಷ್ಟೋ ವಾಸಿಯಾಗಿತ್ತು ಎನ್ನುವವರು ಈಗಲೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸೌದೆ ತಾನಾಗಿ ಎದ್ದು ಬಂದು ಕೋಣೆ ತುಂಬಿಕೊಳ್ಳುವುದಿಲ್ಲ. ಒಲೆ ಹೊತ್ತಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಆ ಒಲೆ ಕೊಲ್ಲುತ್ತಿದ್ದ ರೀತಿಯೇ ಬೇರೆ, ನಿಧಾನವಾಗಿ, ಹೊಗೆಯ ಮೂಲಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ ಹಳ್ಳಿಯ ಒಲೆಯನ್ನೇ ಸಂಶೋಧನೆಯ ವಿಷಯವಾಗಿ ತೆಗೆದುಕೊಂಡಿತು. ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳನ್ನು ಸೇರಿತು. ಹಳೆಯ ಒಲೆ ನಿರಪಾಯಕಾರಿಯಾಗಿದ್ದರೆ ವಿಜ್ಞಾನಿಗಳು ಅದರ ಮುಂದೆ ಅಷ್ಟು ವರ್ಷ ಕೂರುತ್ತಿರಲಿಲ್ಲ.

ಸೌದೆಗೂ ಗ್ಯಾಸಿಗೂ ನಡುವೆ ಪಟ್ಟಣಗಳ ಅಡುಗೆಮನೆಯನ್ನು ಆಳಿದ್ದು ಸೀಮೆಎಣ್ಣೆ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರ ಸುಮಾರಿಗೆ ರೂಪಿಸಿದ ಪ್ರೈಮಸ್ ಮಾದರಿಯ ಪಂಪ್ ಸ್ಟೋವು ಹಿತ್ತಾಳೆಯ ಪುಟ್ಟ ತೊಟ್ಟಿಯಲ್ಲಿ ಎಣ್ಣೆಯನ್ನು ಒತ್ತಡಕ್ಕೆ ಸಿಕ್ಕಿಸಿಡುತ್ತಿತ್ತು. ಮೂತಿ ಕಟ್ಟಿಕೊಂಡರೆ ಪಿನ್ ಹಾಕಬೇಕು, ಉರಿ ಏರದಿದ್ದರೆ ಮತ್ತಷ್ಟು ಪಂಪ್ ಹೊಡೆಯಬೇಕು. ಒತ್ತಡ ಎಷ್ಟಿದೆ ಎಂದು ತಿಳಿಯುವ ಬಗೆಯಿಲ್ಲ, ಮಿತಿಮೀರಿದರೆ ತಾನಾಗಿ ತಡೆಯುವ ಉಪಾಯವಿಲ್ಲ; ಎಲ್ಲವೂ ಪಂಪ್ ಹೊಡೆಯುವ ಕೈಯ ಅಂದಾಜು. 'ಸ್ಟೋವ್ ಸಿಡಿದು ಗೃಹಿಣಿ ಸಾವು' ಎಂಬ ಒಂದು ಕಾಲಂ ಸುದ್ದಿ ಹಲವು ದಶಕ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಈ ಸಾಕ್ಷ್ಯವನ್ನು ಹಾಗೆಯೇ ಒಪ್ಪುವಂತೆಯೂ ಇಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ, ಸುಟ್ಟಗಾಯಗಳಿಂದ ಸತ್ತ ಹೆಂಗಸರ ದಾಖಲೆಗಳನ್ನು ಬೆನ್ನಟ್ಟಿ, ಸ್ಟೋವ್ ಅವಘಡವೆಂದು ಮುಚ್ಚಿಹೋದ ಕಡತಗಳ ಹಿಂದೆ ವರದಕ್ಷಿಣೆಯ ಹಿಂಸೆ ಅಡಗಿದ್ದುದನ್ನು ಎತ್ತಿ ತೋರಿಸಿತು. ಹಾಗಾಗಿ ಸೀಮೆಎಣ್ಣೆಯ ಲೆಕ್ಕಕ್ಕೆ ಬರೆದ ಸಾವುಗಳೆಲ್ಲ ಸೀಮೆಎಣ್ಣೆಯವಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಆ ಸುಳ್ಳನ್ನು ನೆರೆಹೊರೆಯವರೂ ಪೊಲೀಸರೂ ನಂಬುವಂತಾದದ್ದೇ ಸ್ಟೋವು ನಿಜವಾಗಿಯೂ ಸಿಡಿಯುತ್ತಿದ್ದುದರಿಂದ, ಮತ್ತು ಸಿಡಿದಾಗ ತಪ್ಪು ಅಡುಗೆ ಮಾಡುವವಳದ್ದೇ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿದ್ದರಿಂದ.

ಈ ಹಿನ್ನೆಲೆಯ ಮೇಲೆ ಬಂದದ್ದು ಸಿಲಿಂಡರ್. 1950ರ ದಶಕದ ನಡುವಿನಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ 'ಬರ್ಶೇನ್' ಹೆಸರಿನಲ್ಲಿ ಅಡುಗೆ ಅನಿಲ ಮಾರತೊಡಗಿತು. ಇಂಡಿಯನ್ ಆಯಿಲ್‌ನ ಇಂಡೇನ್ 1965ರಲ್ಲಿ ಕೋಲ್ಕತ್ತದಿಂದ ಶುರುವಾಯಿತು. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಕೈಗೆ ಬಂದು ಎಚ್‌ಪಿ, ಭಾರತ್ ಗ್ಯಾಸ್‌ಗಳಾದವು. ಕೋಲ್ಕತ್ತ, ಮುಂಬಯಿಗಳಿಗೆ ಅನಿಲ ಹೊಸದಲ್ಲ. ಅಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಕಲ್ಲಿದ್ದಲಿನ ಅನಿಲ ಕೊಳವೆಯಲ್ಲಿ ಹರಿದು ಬೀದಿದೀಪ ಉರಿಸಿತ್ತು. ಬೆಂಗಳೂರು ಆ ಹಂತವನ್ನೇ ಹಾದುಬರಲಿಲ್ಲ. 1905ರಲ್ಲಿ ಶಿವನಸಮುದ್ರದ ಕರೆಂಟು ಬಂದು ಈ ಊರು ಎಣ್ಣೆದೀಪದಿಂದ ನೇರ ಬಲ್ಬಿಗೆ ಜಿಗಿಯಿತು. ಹೀಗಾಗಿ ಕನ್ನಡಿಗರ ಮನೆಗೆ ಅನಿಲವೆಂಬುದು ಮೊದಲು ಬಂದದ್ದೇ ಕಬ್ಬಿಣದ ಪಾತ್ರೆಯಲ್ಲಿ, ಹಿಂದಿನ ಅನುಭವದ ಬಲ ಯಾವುದೂ ಇಲ್ಲದೆ. ಗ್ಯಾಸಿನಲ್ಲಿ ಬೇಯಿಸಿದ್ದು ತಿಂದರೆ ಹೊಟ್ಟೆಯಲ್ಲೂ ಗ್ಯಾಸ್ ಆಗುತ್ತದೆ ಎಂಬ ನಂಬಿಕೆ ಆಗ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ. ಭಯ ತಪ್ಪು ಜಾಗದಲ್ಲಿತ್ತು, ಅಷ್ಟೇ.

ಸರಿಯಾದ ಜಾಗ ಯಾವುದು? ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಒತ್ತಡದಲ್ಲಿ ದ್ರವ, ಹೊರಗೆ ಬಂದರೆ ಸುಮಾರು 250 ಪಟ್ಟು ಹಿಗ್ಗಿ ಅನಿಲ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗಿಬಿಡುವ ಜಾತಿಯಲ್ಲ. ನೆಲದ ಮೇಲೆ ಹರಿದು, ಕಟ್ಟೆಯ ಕೆಳಗೆ, ಬಚ್ಚಲ ಮೋರಿಯಲ್ಲಿ, ಮಂಚದಡಿಯಲ್ಲಿ ತಂಗುತ್ತದೆ. 2013ರ ಏಪ್ರಿಲ್‌ನಲ್ಲಿ ಬೆಂಗಳೂರು-ಮಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ, ಆ ಲಾರಿಗೂ ತಮಗೂ ಯಾವ ಸಂಬಂಧವೂ ಇಲ್ಲದ ರಸ್ತೆಬದಿಯ ಮನೆಗಳವರು ಜೀವ ಕಳೆದುಕೊಂಡರು. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಸುಮಾರು ಎರಡು ಪಾಲಿನಿಂದ ಒಂಬತ್ತು ಪಾಲಿನವರೆಗೆ ಬೆರೆತಿದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಎಂಟಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ಅಡುಗೆಮನೆಯನ್ನು ಲೆಕ್ಕ ಹಾಕಿ ನೋಡಿದರೆ, 14.2 ಕಿಲೋ ಸಿಲಿಂಡರಿನಿಂದ ಸುಮಾರು ಒಂದು ಕಿಲೋ ಸೋರಿದರೂ ಇಡೀ ಕೋಣೆ ಆ ಮಟ್ಟ ಮುಟ್ಟುತ್ತದೆ. ನೆಲಮಟ್ಟದಲ್ಲಿ ಅದಕ್ಕೂ ಎಷ್ಟೋ ಮೊದಲೇ.

ಇಂಥ ವಸ್ತುವಿಗೆ ಮೊದಲ ಕಾವಲುಗಾರ ವಾಸನೆ. ಶುದ್ಧ ಪ್ರೊಪೇನ್‌ಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ನಮ್ಮ ಮೂಗಿಗೆ ಬಡಿಯುವ ಕೊಳೆತ ಎಲೆಕೋಸಿನ ನಾತ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್‌ನದು. ಈ ಪದ್ಧತಿಯನ್ನು ಕಾಯಂ ಮಾಡಿದ್ದು ಒಂದು ದೊಡ್ಡ ದುರಂತ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ, ನೆಲದಡಿ ಸೋರಿ ತುಂಬಿಕೊಂಡಿದ್ದ ನೈಸರ್ಗಿಕ ಅನಿಲ ಹೊತ್ತಿ ಸುಮಾರು ಮುನ್ನೂರು ಜನ ಸತ್ತರು, ಬಹುಪಾಲು ಮಕ್ಕಳು. ಯಾರಿಗೂ ಸುಳಿವೇ ಸಿಕ್ಕಿರಲಿಲ್ಲ. ಆ ಮೇಲೆ ಅನಿಲಕ್ಕೆ ನಾತ ಬೆರೆಸುವುದು ಅಲ್ಲಿ ಕಾನೂನಾಯಿತು, ಬರಬರುತ್ತ ಎಲ್ಲ ಕಡೆಯ ರೂಢಿಯೂ ಆಯಿತು. ಗಾಳಿಯಲ್ಲಿ ಅನಿಲ ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಪಾಲು ಸೇರುವಷ್ಟರಲ್ಲೇ ಮೂಗಿಗೆ ಗೊತ್ತಾಗಬೇಕು ಎಂಬುದು ಇದರ ಹಿಂದಿನ ಅಳತೆ. ಇಲ್ಲಿ ಆದದ್ದನ್ನು ಗಮನಿಸಬೇಕು. ಜಾಗರೂಕರಾಗಿರಿ ಎಂದು ಶಾಲೆಗಳಿಗೆ ಸುತ್ತೋಲೆ ಕಳಿಸಿ ಸುಮ್ಮನಾಗಲಿಲ್ಲ. ಅನಿಲವೇ ತನ್ನ ಇರವನ್ನು ಕೂಗಿ ಹೇಳುವಂತೆ ಮಾಡಿದರು.

ಎರಡನೆಯ ಕಾವಲು ವಾಲ್ವಿನಲ್ಲಿದೆ. ಮೊದಮೊದಲ ಸಿಲಿಂಡರುಗಳಿಗೆ ತಿರುಪಿ ಮುಚ್ಚುವ ವಾಲ್ವ್; ಮುಚ್ಚಲು ಮರೆತರೆ ಮರೆತಂತೆಯೇ. ಈಗಿನದು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಬಾಯಿಯ ನಡುವೆ ಸ್ಪ್ರಿಂಗಿನ ಮೇಲೆ ಕೂತ ಒಂದು ಪಿನ್ ಇದೆ. ರೆಗ್ಯುಲೇಟರ್ ಕೂರಿಸಿ ಸ್ವಿಚ್ ತಿರುಗಿಸಿದಾಗ ಮಾತ್ರ ಅದು ಕೆಳಗಿಳಿದು ದಾರಿ ಬಿಡುತ್ತದೆ. ರೆಗ್ಯುಲೇಟರ್ ತೆಗೆದರೆ ಸ್ಪ್ರಿಂಗೂ ಒಳಗಿನ ಒತ್ತಡವೂ ಸೇರಿ ದಾರಿ ಮುಚ್ಚುತ್ತವೆ. ಸಿಲಿಂಡರಿನೊಳಗೆ ಚದರ ಸೆಂಟಿಮೀಟರಿಗೆ ಹಲವು ಕಿಲೋ ಇರುವ ಒತ್ತಡವನ್ನು ರೆಗ್ಯುಲೇಟರ್ 30 ಗ್ರಾಮಿಗೆ ಇಳಿಸಿ ಒಲೆಗೆ ಕಳಿಸುತ್ತದೆ. ವಾಲ್ವಿನ ಒಳಅಂಚಿನಲ್ಲಿ ಕಿರುಬೆರಳಿನ ಉಂಗುರದಷ್ಟು ಚಿಕ್ಕದಾದ ಒಂದು ರಬ್ಬರ್ ಬಳೆ ಇರುತ್ತದೆ. ಅದು ಸೀಳಿದ್ದರೆ ಅಥವಾ ಬಿದ್ದುಹೋಗಿದ್ದರೆ ರೆಗ್ಯುಲೇಟರಿನ ಸುತ್ತಲಿಂದ ಅನಿಲ ಜಿನುಗುತ್ತದೆ. ಸೀಲು ಒಡೆದು, ನೈಲಾನ್ ದಾರದ ಮುಚ್ಚಳ ಎಳೆದು, ವಾಲ್ವಿನ ಬಾಯಿಗೆ ಎರಡು ಹನಿ ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ಎಂದು ಸಿಲಿಂಡರ್ ತಂದವರ ಎದುರೇ ನೋಡುವುದು ಸರಿಯಾದ ಕ್ರಮ. ಸಿಲಿಂಡರಿನ ಮೈಗೂ ಮೇಲಿನ ಹಿಡಿಬಳೆಗೂ ಸೇತುವೆಯಾದ ಮೂರು ಪಟ್ಟಿಗಳ ಪೈಕಿ ಒಂದರ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ಎರಡಂಕಿಯ ಇಸವಿ ಬರೆದಿರುತ್ತದೆ. ಎ ಎಂದರೆ ವರ್ಷದ ಮೊದಲ ಮೂರು ತಿಂಗಳು, ಡಿ ಎಂದರೆ ಕೊನೆಯ ಮೂರು. ಆ ಅವಧಿಯೊಳಗೆ ಪಾತ್ರೆ ಮತ್ತೆ ಒತ್ತಡದ ಪರೀಕ್ಷೆಗೆ ಹೋಗಬೇಕು. ಹೊಸದಾದರೆ ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. 1884ರ ಸ್ಫೋಟಕ ಕಾಯ್ದೆಯ ಅಡಿ ಬಂದ ಗ್ಯಾಸ್ ಸಿಲಿಂಡರ್ ನಿಯಮಗಳು 1940, 1981, 2004, 2016ರಲ್ಲಿ ಮತ್ತೆ ಮತ್ತೆ ಬದಲಾಗಿ ಬರೆಯಲ್ಪಟ್ಟದ್ದರ ಫಲ ಹೀಗೆ ಅಂಗೈಯಗಲದ ಜಾಗದಲ್ಲಿ ಕೂತಿದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಗೊತ್ತೇ ಇದೆ. ಇಷ್ಟೆಲ್ಲ ಇದ್ದೂ ಅವಘಡ ನಿಂತಿಲ್ಲ, ಅಂದಮೇಲೆ ಕೊನೆಗೂ ಕಾರಣ ಜನರ ನಿರ್ಲಕ್ಷ್ಯವೇ ಅಲ್ಲವೇ? ರಾತ್ರಿ ರೆಗ್ಯುಲೇಟರ್ ಆಫ್ ಮಾಡದವರು, ಟ್ಯೂಬ್ ಬದಲಿಸದವರು, ವಾಸನೆ ಬಂದರೂ ಲೈಟ್ ಹಾಕಿದವರು ಇಲ್ಲವೇ? ಇದ್ದಾರೆ. ಆದರೆ ಅವಘಡ ಎಲ್ಲಿಂದ ಹುಟ್ಟುತ್ತದೆ ನೋಡಿ. ಪತ್ರಿಕೆಗಳು ಸಿಲಿಂಡರ್ ಸಿಡಿಯಿತು ಎಂದು ಬರೆದರೂ ಉಕ್ಕಿನ ಪಾತ್ರೆ ತಾನಾಗಿ ಒಡೆಯುವುದು ಬಲು ಅಪರೂಪ. ಬೆಂಕಿಯಲ್ಲಿ ಸಿಕ್ಕಿ ಕಾದಾಗ ಅದು ಒಡೆಯುವುದುಂಟು. ಸಾಮಾನ್ಯವಾಗಿ ಸಿಡಿಯುವುದು ರಾತ್ರಿಯಿಡೀ ಸೋರಿ ತುಂಬಿಕೊಂಡ ಕೋಣೆ, ಬೆಳಗ್ಗೆ ಎದ್ದವರು ಸ್ವಿಚ್ ಒತ್ತಿದಾಗ ಅಥವಾ ಲೈಟರ್ ಚಿಟಿಕೆ ಹೊಡೆದಾಗ. ಸೋರಿಕೆಯ ಮೂಲ ಬಹುಮಟ್ಟಿಗೆ ಟ್ಯೂಬು, ಅದರ ಎರಡು ತುದಿ, ರೆಗ್ಯುಲೇಟರಿನ ಕೂಡುಜಾಗ. ಕಂಪನಿಯ ಕಟ್ಟುನಿಟ್ಟಿನ ಪರೀಕ್ಷೆ ವಾಲ್ವಿನ ಬಾಯಲ್ಲಿ ಮುಗಿಯುತ್ತದೆ, ಗ್ರಾಹಕರ ಜವಾಬ್ದಾರಿ ಅದರ ಆಚೆಗೆ ಶುರುವಾಗುತ್ತದೆ. ಮನೆಗಳು ಸುಡುವುದೂ ಸರಿಯಾಗಿ ಆ ಗಡಿಯಾಚೆಗೆ. ಒಂದೇ ಮನೆಯ ಒಂದೇ ಜನ ಗಡಿಯ ಈಚೆಗೆ ಜಾಣರು, ಆಚೆಗೆ ದಡ್ಡರು ಆಗಲಾರರು. ಹಸಿರು ಬಣ್ಣದ ಬರಿ ರಬ್ಬರಿನ ಹಳೆಯ ಟ್ಯೂಬನ್ನು ಇಲಿ ಕಡಿಯುತ್ತಿತ್ತು, ಬಿಸಿಗೆ ಬಿರುಕು ಬಿಡುತ್ತಿತ್ತು. ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬು ಬಂದ ಮೇಲೆ ಇಲಿಯ ಹಲ್ಲಿಗೆ ಕೆಲಸವಿಲ್ಲವಾಯಿತು. ಅಷ್ಟರಮಟ್ಟಿಗೆ ಎಚ್ಚರಿಕೆ ಮತ್ತೆ ವಸ್ತುವಿನೊಳಗೆ ಹೋಯಿತು. ಆದರೆ ಅದಕ್ಕೂ ಐದು ವರ್ಷದ ಆಯಸ್ಸು ಕಟ್ಟಿದ್ದಾರೆ, ಬದಲಿಸುವ ಖರ್ಚು ಮನೆಯವರದ್ದು. ಸಿಲಿಂಡರ್ ತಾನಾಗಿ ಪರೀಕ್ಷೆಗೆ ಹೋಗಿಬರುತ್ತದೆ. ಟ್ಯೂಬು ಹಾಗೆ ಹೋಗುವುದಿಲ್ಲ.

ಮನೆಯ ಆಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಗಾಳಿಯಾಡಬೇಕು, ಸಿಲಿಂಡರ್ ನೆಟ್ಟಗೆ ನಿಂತಿರಬೇಕು ಎಂಬ ಸೂಚನೆಗಳು ಗ್ರಾನೈಟ್ ಕಟ್ಟೆಯೂ ಕಿಟಕಿಯೂ ಇರುವ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಿಲಿಂಡರನ್ನು ಯುಟಿಲಿಟಿಯಲ್ಲಿ ನಿಲ್ಲಿಸಿ ತಾಮ್ರದ ಕೊಳವೆಯಲ್ಲಿ ಗ್ಯಾಸ್ ಒಳಗೆ ತರುವ ಏರ್ಪಾಡು ಇದೆ. ಅದು ಕಟ್ಟುವವರೇ ಮಾಡಿಕೊಟ್ಟ ಕಾವಲು. ಬಡ ಮನೆಗಳಿಗೆ ಗ್ಯಾಸ್ ಕೊಡಲು 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾದ ಉಜ್ವಲಾ ಯೋಜನೆ 2019ರ ಸೆಪ್ಟೆಂಬರ್ ಹೊತ್ತಿಗೆ ಎಂಟು ಕೋಟಿ ಸಂಪರ್ಕ ಮುಟ್ಟಿತು, ಕರ್ನಾಟಕದ ಅನಿಲ ಭಾಗ್ಯವೂ ಅದೇ ದಾರಿಯಲ್ಲಿ ಬಂತು. ಒಳ್ಳೆಯದೇ. ಆದರೆ ಒಂದೇ ಕೋಣೆಯ, ಕಟ್ಟೆಯಿಲ್ಲದ ಮನೆಯಲ್ಲಿ ಒಲೆಯೂ ಸಿಲಿಂಡರೂ ಒಂದೇ ನೆಲದ ಮೇಲೆ ಕೂರುತ್ತವೆ, ಮಗ್ಗುಲಲ್ಲೇ ಹಾಸಿಗೆ. ಅಲ್ಲಿ ನಿಯಮ ಪಾಲಿಸು ಎಂದರೆ ಮನೆಯನ್ನೇ ಬದಲಿಸು ಎಂದಂತೆ.

ಅಮೆರಿಕದ ಉದಾಹರಣೆ ಈ ವಾದಕ್ಕೆ ಇನ್ನೊಂದು ಮಗ್ಗುಲಿನಿಂದ ಬೆಳಕು ಕೊಡುತ್ತದೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಹಿತ್ತಿಲಲ್ಲೂ ಕಾಣುವ 20 ಪೌಂಡಿನ ಪ್ರೊಪೇನ್ ಟ್ಯಾಂಕ್ ಗ್ರಿಲ್‌ನ ಜೊತೆ ಮನೆಯ ಹೊರಗೇ ಇರತಕ್ಕದ್ದು. ಅದನ್ನು ಅಂಗಡಿಯಲ್ಲಿ ಕೊಟ್ಟು ಬದಲಿಸಿಕೊಳ್ಳಬಹುದು, ಇಲ್ಲವೇ ಬಂಕಿನಂಥ ಕಡೆ ಕಣ್ಣೆದುರೇ ತುಂಬಿಸಿಕೊಳ್ಳಬಹುದು. ತುಂಬಿಸುವವರ ಅಂದಾಜು ತಪ್ಪಿ ಪಾತ್ರೆ ಪೂರ್ತಿ ದ್ರವವಾದರೆ, ಬಿಸಿಲಿಗೆ ಹಿಗ್ಗಲು ಜಾಗವಿಲ್ಲದೆ ಒತ್ತಡ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಅಲ್ಲಿನ ಮನೆಬಳಕೆಯ ಟ್ಯಾಂಕಿನೊಳಗೆ, ನಿಗದಿತ ಮಟ್ಟಕ್ಕೆ ಬಂದೊಡನೆ ದಾರಿ ಮುಚ್ಚುವ ತೇಲುಗುಂಡಿನ ವಾಲ್ವ್ ಕಡ್ಡಾಯವಾಯಿತು. 2002ರ ಏಪ್ರಿಲ್‌ನಿಂದ ಅದಿಲ್ಲದ ಟ್ಯಾಂಕನ್ನು ತುಂಬಿಸುವಂತೆಯೇ ಇಲ್ಲ. ನಮ್ಮ ಸಿಲಿಂಡರಿಗೆ ಆ ತೇಲುಗುಂಡಿಲ್ಲ. ನಮ್ಮಲ್ಲಿ ತುಂಬಿಸುವ ಕೆಲಸ ಅನುಮತಿ ಪಡೆದ ಘಟಕದಲ್ಲಿ ತೂಕ ಹಾಕಿಯೇ ನಡೆಯಬೇಕು, 14.2 ಕಿಲೋಗೆ ನಿಲ್ಲಿಸಿ, ಒಳಗೆ ಐದನೇ ಒಂದರಷ್ಟು ಜಾಗ ಖಾಲಿ ಬಿಡುತ್ತಾರೆ. ಅವರು ಕಾವಲನ್ನು ವಾಲ್ವಿನಲ್ಲಿಟ್ಟರು, ನಾವು ಘಟಕದ ತಕ್ಕಡಿಯಲ್ಲಿಟ್ಟೆವು. ಎರಡೂ ಸರಿಯೇ, ಎಲ್ಲರೂ ಆ ತಕ್ಕಡಿಯ ಮೂಲಕವೇ ಗ್ಯಾಸ್ ಪಡೆಯುವವರೆಗೆ.

ಪಡೆಯಲಿಲ್ಲ, ಅದೇ ನಮ್ಮ ಇತಿಹಾಸದ ಬಿರುಕು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗ್ಯಾಸ್ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು; ಸಂಸದರಿಗೆ ಹಂಚಲು ಕೂಪನ್ನುಗಳ ಕೋಟಾ ಇತ್ತು ಎಂದರೆ ಅದರ ಬೆಲೆ ಊಹಿಸಬಹುದು. 1993ರಲ್ಲಿ ಖಾಸಗಿಯವರಿಗೂ ಮಾರಾಟಕ್ಕೆ ಬಿಟ್ಟರು, ಸರತಿ ಕರಗುತ್ತ ಬಂತು. ಆದರೆ ವಿಳಾಸದ ಪುರಾವೆಯಿಲ್ಲದ ಕೂಲಿಯವರು, ಬಾಡಿಗೆ ಕೋಣೆಯ ವಿದ್ಯಾರ್ಥಿಗಳು, ತಳ್ಳುಗಾಡಿಯವರು ಹೊರಗೇ ಉಳಿದರು. ಅವರಿಗಾಗಿ ಹಿಂದಿನ ಬಾಗಿಲಲ್ಲಿ ಹುಟ್ಟಿಕೊಂಡದ್ದು ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಬಗ್ಗಿಸಿ ತುಂಬಿಸುವ ದಂಧೆ. ದೊಡ್ಡದನ್ನು ತಲೆಕೆಳಗು ಮಾಡಿ ನಡುವೆ ಒಂದು ಕೊಳವೆ ಜೋಡಿಸಿ ದ್ರವವನ್ನೇ ಹರಿಸುತ್ತಾರೆ. ತೂಕವಿಲ್ಲ, ಖಾಲಿ ಜಾಗದ ಲೆಕ್ಕವಿಲ್ಲ, ಪರೀಕ್ಷೆಯ ಅಕ್ಷರವಿಲ್ಲ. ಘಟಕದ ಒಳಗಿಟ್ಟ ಕಾವಲು ಘಟಕ ತಪ್ಪಿಸಿ ಬಂದ ಸಿಲಿಂಡರಿಗೆ ಸಿಗುವುದಿಲ್ಲ, ಅಮೆರಿಕದವರ ತೇಲುಗುಂಡೂ ಅದರಲ್ಲಿಲ್ಲ. ಇಂಥ ಅಂಗಡಿಗೆ ಬೆಂಕಿ ಬಿದ್ದಾಗ ದಂಧೆಯವರನ್ನು ಹಿಡಿಯುವುದು ಸರಿ. ಗಿರಾಕಿಗಳು ಅಲ್ಲಿಗೆ ಯಾಕೆ ಬಂದರು ಎಂದು ಕೇಳುವವರು ಕಡಿಮೆ.

ಮನೆಯಾಚೆಗೆ ಸಾಗಿದ ಸಿಲಿಂಡರಿನ ಕಥೆಯೂ ಹೀಗೇ. ಮದುವೆ ಛತ್ರದ ಹಿಂದೆ ಅಡುಗೆ ಭಟ್ಟರ ದೊಡ್ಡ ಒಲೆ 19 ಕಿಲೋ ಸಿಲಿಂಡರಿನಿಂದ ಭರದಲ್ಲಿ ಅನಿಲ ಎಳೆಯುತ್ತದೆ. ದ್ರವ ಅನಿಲವಾಗಲು ಬೇಕಾದ ಶಾಖವನ್ನು ಉಕ್ಕಿನಿಂದಲೇ ಹೀರಿಕೊಳ್ಳುವುದರಿಂದ, ದ್ರವ ಇರುವ ಎತ್ತರದವರೆಗೆ ಸಿಲಿಂಡರಿನ ಮೈ ಬೆವರಿ ತಣ್ಣಗಾಗುತ್ತದೆ, ಕೆಲವೊಮ್ಮೆ ಹಿಮವೂ ಕಟ್ಟುತ್ತದೆ. ಉರಿ ಇಳಿಯುತ್ತದೆ. ಆಗ ಕುದಿನೀರು ಸುರಿಯುವವರು, ಸಿಲಿಂಡರನ್ನು ಅಡ್ಡ ಮಲಗಿಸುವವರು ಇದ್ದಾರೆ. ಮಲಗಿಸಿದರೆ ವಾಲ್ವಿಗೆ ಬರುವುದು ಅನಿಲವಲ್ಲ, ದ್ರವ. ರೆಗ್ಯುಲೇಟರ್ ಅದಕ್ಕಾಗಿ ಮಾಡಿದ್ದಲ್ಲ. ಇದಕ್ಕೆ ಮದ್ದು ಭಟ್ಟರಿಗೆ ಉಪದೇಶ ಮಾಡುವುದಲ್ಲ, ಎರಡು ಮೂರು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಜೋಡಿಸುವ ಏರ್ಪಾಡನ್ನು ಛತ್ರವೇ ಇಟ್ಟುಕೊಳ್ಳುವುದು. ಉಪದೇಶದ ಮಿತಿಗೆ 2023ರ ಆಗಸ್ಟ್ 26ರ ಮದುರೆಯ ಘಟನೆ ಸಾಕು. ರೈಲಿನಲ್ಲಿ ಸಿಲಿಂಡರ್ ಒಯ್ಯುವುದು ಅಪರಾಧವೆಂದು ಬೋಗಿ ಬೋಗಿಯಲ್ಲೂ ಬರೆದಿದೆ. ಲಖನೌದಿಂದ ಹೊರಟ ಯಾತ್ರಿಕರ ಬೋಗಿಯಲ್ಲಿ ಸಿಲಿಂಡರ್ ಇತ್ತು, ನಿಂತ ಬೋಗಿಯಲ್ಲಿ ಬೆಳಗಿನ ಚಹಾ ಕಾಯಿಸಲು ಹಚ್ಚಿದರು, ಒಂಬತ್ತು ಜನ ಸತ್ತರು. ದೀರ್ಘ ಯಾತ್ರೆಯಲ್ಲಿ ತಮ್ಮದೇ ಅಡುಗೆ ಉಣ್ಣುವ ಜನ ಎಷ್ಟೋ ಕಾಲದಿಂದ ಇದ್ದಾರೆ. ಅವರಿಗೆ ನಿಲ್ದಾಣದಲ್ಲಿ ಒಲೆ ಹಚ್ಚುವ ಜಾಗ ಕೊಡದೆ ಬರಿ ಫಲಕ ಹಾಕಿದರೆ ಸಿಲಿಂಡರ್ ಸೀಟಿನಡಿಗೆ ಹೋಗುತ್ತದೆ.

ವಸ್ತುವೇ ಎಲ್ಲ ನೋಡಿಕೊಂಡರೆ ಜನ ಮತ್ತಷ್ಟು ಮೈಮರೆಯುತ್ತಾರೆ ಎನ್ನುವವರಿಗೂ ಒಂದು ಉತ್ತರ ಕೊಡಬೇಕು. ಮೈಮರೆವು ಹೆಚ್ಚುತ್ತದೆ ಎಂದೇ ಇಟ್ಟುಕೊಳ್ಳೋಣ. ತಾನೇ ಮುಚ್ಚಿಕೊಳ್ಳುವ ವಾಲ್ವನ್ನು ನಂಬಿ ನಿದ್ದೆ ಹೋಗುವವರು, ತಿರುಪಿನ ವಾಲ್ವನ್ನು ಮರೆತು ನಿದ್ದೆ ಹೋದವರಿಗಿಂತ ಕ್ಷೇಮ. ದಣಿದವರಿಗೂ ವಯಸ್ಸಾದವರಿಗೂ ಮೂಗು ಕಟ್ಟಿದವರಿಗೂ ಒಂದೇ ಬಗೆಯ ರಕ್ಷಣೆ ಸಿಗುವುದು ಆಗ ಮಾತ್ರ. ಹಾಗೆಂದು ಕೈಯ ಕೆಲಸ ಏನೂ ಉಳಿದಿಲ್ಲ ಎಂದಲ್ಲ. ವಾಸನೆ ಬಂದಾಗ ಸ್ವಿಚ್ ಮುಟ್ಟದೆ, ಫ್ಯಾನ್ ಕೂಡ ಹಾಕದೆ, ರೆಗ್ಯುಲೇಟರ್ ಆಫ್ ಮಾಡಿ ಬಾಗಿಲು ಕಿಟಕಿ ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡುವುದನ್ನು ಯಾವ ವಾಲ್ವೂ ನಮ್ಮ ಪರವಾಗಿ ಮಾಡಲಾರದು. ಈ ಶಿಕ್ಷಣವನ್ನು ಅಡುಗೆ ಮಾಡುವ ಹೆಂಗಸಿಗಷ್ಟೇ ಕೊಟ್ಟು ಮನೆಯ ಮಿಕ್ಕವರನ್ನು ಬಿಟ್ಟದ್ದು ಸೀಮೆಎಣ್ಣೆಯ ಕಾಲದಿಂದ ಬಂದ ಹಳೆಯ ಚಾಳಿ.

2013ರ ಅಕ್ಟೋಬರ್‌ನಲ್ಲಿ ಆಗಿನ ಪೆಟ್ರೋಲಿಯಂ ಸಚಿವ ವೀರಪ್ಪ ಮೊಯಿಲಿ ಬೆಂಗಳೂರಿನಲ್ಲಿ ಒಂದು ಯೋಜನೆಗೆ ಚಾಲನೆ ಕೊಟ್ಟರು: ವಿಳಾಸದ ಪುರಾವೆ ಇಲ್ಲದವರಿಗೂ, ಬರಿ ಗುರುತಿನ ಚೀಟಿ ತೋರಿಸಿದರೆ ಪೆಟ್ರೋಲ್ ಬಂಕಿನಲ್ಲೇ ಐದು ಕಿಲೋ ಸಿಲಿಂಡರ್. ಘಟಕದಲ್ಲಿ ತೂಗಿ ತುಂಬಿಸಿದ, ಪರೀಕ್ಷೆಯ ಅಕ್ಷರ ಹೊತ್ತ ಪಾತ್ರೆ. ಬಗ್ಗಿಸಿ ತುಂಬಿಸುವ ದಂಧೆಗೆ ಸರ್ಕಾರ ಕೊಟ್ಟ ಉತ್ತರಗಳಲ್ಲಿ ಪೊಲೀಸ್ ದಾಳಿಗಿಂತ ಇದು ಎಷ್ಟೋ ಜಾಣತನದ್ದು. ಆದರೆ ಅದನ್ನು ಸಬ್ಸಿಡಿಯಿಲ್ಲದ ಮಾರುಕಟ್ಟೆ ದರಕ್ಕೆ ಕೊಟ್ಟರು. ಮನೆಯ ಸಿಲಿಂಡರಿನ ಕಿಲೋ ದರಕ್ಕೂ ಇದರ ದರಕ್ಕೂ ಅಂತರವಿರುವಷ್ಟು ದಿನ, ಆ ಅಂತರದಲ್ಲಿ ದುಡಿಯುವ ಹಿಂಬಾಗಿಲಿನ ಅಂಗಡಿಯೂ ನಡೆಯುತ್ತದೆ, ಕೊಳವೆ ಜೋಡಿಸಿದ ಎರಡು ಸಿಲಿಂಡರುಗಳ ಪಕ್ಕದಲ್ಲಿ ಯಾರಾದರೂ ಬೀಡಿಯನ್ನೂ ಹಚ್ಚುತ್ತಾರೆ.